ಓದುಗರ ಪ್ರಶ್ನೆ, ವಕೀಲರ ಉತ್ತರ: ಬಾಂಡ್ ಪೇಪರ್‌ಗೆ ಸಹಿ ಹಾಕುವ ಮೊದಲು

ಪ್ರಶ್ನೆ: ನನಗೆ 32 ವರ್ಷ, ಎಲೆಕ್ಟ್ರಿಷಿಯನ್ ಕೆಲಸ. ಬೈಕಿನಲ್ಲಿ ಹೋಗುವಾಗ ಅಡ್ಡರಸ್ತೆಯಿಂದ ನುಗ್ಗಿದ ಕಾರು ಡಿಕ್ಕಿ ಹೊಡೆದು ಬಲಗಾಲು ಮುರಿಯಿತು. ರಾಡ್ ಹಾಕಿದ್ದಾರೆ. ಮೂರು ವಾರ ಆಯಿತು, ದೂರು ಕೊಟ್ಟಿಲ್ಲ. ಕಾರಿನ ಮಾಲೀಕರು 40 ಸಾವಿರ ಕೊಡುತ್ತೇನೆ, ಮುಂದೆ ಯಾವ ಕೇಸೂ ಹಾಕಲ್ಲ ಅಂತ ಬಾಂಡ್ ಪೇಪರ್‌ನಲ್ಲಿ ಬರೆದುಕೊಡಿ ಅನ್ನುತ್ತಿದ್ದಾರೆ. ಮನೆಯಲ್ಲಿ ದುಡ್ಡಿಗೆ ತುಂಬಾ ಕಷ್ಟ ಇದೆ. ಏನು ಮಾಡಲಿ?

ಉತ್ತರ: ದಯವಿಟ್ಟು ಸಹಿ ಹಾಕಬೇಡಿ. ನಿಮ್ಮ ಕಾಲಿಗೆ ಎಷ್ಟು ಪೆಟ್ಟಾಗಿದೆ ಅನ್ನೋದು ಇವತ್ತು ನಿಮಗೂ ಗೊತ್ತಿಲ್ಲ, ವೈದ್ಯರಿಗೂ ಪೂರ್ತಿ ಗೊತ್ತಿಲ್ಲ. ಮೂಳೆ ಕೂಡಿದ ಮೇಲೆ ಮಂಡಿ ಎಷ್ಟು ಮಡಚುತ್ತೆ, ಏಣಿ ಹತ್ತೋಕೆ ಆಗುತ್ತಾ, ಗಂಟೆಗಟ್ಟಲೆ ನಿಲ್ಲೋಕೆ ಆಗುತ್ತಾ, ಇದೆಲ್ಲ ತಿಳಿಯೋದು ತಿಂಗಳುಗಳಾದ ಮೇಲೆ. ರಾಡ್ ತೆಗೆಸಬೇಕಾಗಿ ಬಂದರೆ ಇನ್ನೊಂದು ಆಪರೇಷನ್, ಇನ್ನೊಂದು ಸಲ ಆಸ್ಪತ್ರೆ ಖರ್ಚು, ಮತ್ತೆ ಕೆಲಸಕ್ಕೆ ರಜೆ. ಅದೆಲ್ಲ ಆ 40 ಸಾವಿರದಲ್ಲಿ ಇಲ್ಲ.

ಒಂದು ಲೆಕ್ಕ ಹೇಳುತ್ತೇನೆ. ನಿಮ್ಮ ಸಂಪಾದನೆ ತಿಂಗಳಿಗೆ 20 ಸಾವಿರ ಅಂದುಕೊಳ್ಳಿ. ದುಡಿಯುವ ಶಕ್ತಿಯಲ್ಲಿ ಶೇ 20ರಷ್ಟು ಕಾಯಂ ಆಗಿ ಹೋಯಿತು ಅಂತ ಕೋರ್ಟ್ ಒಪ್ಪಿದರೆ, ನಿಮ್ಮ ವಯಸ್ಸಿಗೆ ಸುಪ್ರೀಂ ಕೋರ್ಟ್ ನಿಗದಿ ಮಾಡಿರುವ ಗುಣಕ 16. ವರ್ಷದ ಆದಾಯ 2 ಲಕ್ಷ 40 ಸಾವಿರ, ಅದನ್ನು 16ರಿಂದ ಗುಣಿಸಿ, ಅದರಲ್ಲಿ ಶೇ 20 ತೆಗೆದುಕೊಂಡರೆ 7 ಲಕ್ಷ 68 ಸಾವಿರ. ಇದು ಮುಂದಿನ ದುಡಿಮೆ ನಷ್ಟಕ್ಕೆ ಮಾತ್ರ. ಆಸ್ಪತ್ರೆ ಬಿಲ್ಲು, ಓಡಾಟದ ಖರ್ಚು, ನೋಡಿಕೊಂಡವರ ಖರ್ಚು, ಮನೆಯಲ್ಲಿ ಮಲಗಿದ್ದ ತಿಂಗಳುಗಳ ಸಂಬಳ, ಅನುಭವಿಸಿದ ನೋವು ಎಲ್ಲಕ್ಕೂ ಬೇರೆ ಬೇರೆ ಪರಿಹಾರ ಇದೆ. ನಿಮ್ಮ ಕೇಸಿನಲ್ಲಿ ಮೊತ್ತ ಇಷ್ಟೇ ಬರುತ್ತೆ ಅಂತ ನಾನು ಹೇಳುತ್ತಿಲ್ಲ, ಆದರೆ ಏನನ್ನು ಬಿಟ್ಟುಕೊಡುತ್ತಿದ್ದೀರಿ ಅನ್ನೋದು ನಿಮಗೆ ಗೊತ್ತಿರಬೇಕು ಅಲ್ವಾ? ವೈದ್ಯರು ಬರೆದುಕೊಡುವ ಶೇಕಡಾವಾರು ಒಂದು, ನಿಮ್ಮ ಕಸುಬಿಗೆ ಆದ ನಷ್ಟ ಇನ್ನೊಂದು. ಮೇಜಿನ ಮುಂದೆ ಕೂತು ಕೆಲಸ ಮಾಡುವವರಿಗೂ ಏಣಿ ಹತ್ತಿ ದುಡಿಯುವವರಿಗೂ ಒಂದೇ ಅಳತೆ ಸಲ್ಲದು ಅಂತ ಸುಪ್ರೀಂ ಕೋರ್ಟ್ 2010ರ ರಾಜ್ ಕುಮಾರ್ ಪ್ರಕರಣದಲ್ಲಿ ಸ್ಪಷ್ಟ ಮಾಡಿದೆ.

ಈಗ ಮಾಡಬೇಕಾದ ಕೆಲಸ. ಇವತ್ತೇ ಯಾರನ್ನಾದರೂ ಜೊತೆಗೆ ಕರೆದುಕೊಂಡು ಠಾಣೆಗೆ ದೂರು ಕೊಡಿ. ತಡ ಯಾಕಾಯಿತು ಅಂತ ದೂರಿನಲ್ಲೇ ಬರೆಯಿರಿ, ಆಪರೇಷನ್ ಆಗಿ ಮಲಗಿದ್ದೆ ಅನ್ನೋದು ನ್ಯಾಯವಾದ ಕಾರಣವೇ. ಎಫ್‌ಐಆರ್ ತಡವಾಯಿತು ಅನ್ನೋ ಒಂದೇ ಕಾರಣಕ್ಕೆ ಪರಿಹಾರ ನಿರಾಕರಿಸಬಾರದು ಅಂತ ಸುಪ್ರೀಂ ಕೋರ್ಟ್ ಹೇಳಿದೆ. ಆದರೂ ತಡವಾದಷ್ಟೂ ವಿಮಾ ಕಂಪನಿಯ ವಕೀಲರು ಅನುಮಾನ ಎತ್ತುವುದು ಜಾಸ್ತಿ. ಎಫ್‌ಐಆರ್ ಪ್ರತಿ ದೂರುದಾರರಿಗೆ ಉಚಿತ, ಕೇಳಿ ಪಡೆಯಿರಿ. ಆ ರಸ್ತೆಯಲ್ಲಿ ಯಾವುದಾದರೂ ಅಂಗಡಿಯ ಸಿಸಿಟಿವಿ ಇದ್ದರೆ ಅದನ್ನೂ ದೂರಿನಲ್ಲಿ ಹೇಳಿ. ಅದರ ರೆಕಾರ್ಡಿಂಗ್ ಬೇಗ ಅಳಿಸಿಹೋಗುತ್ತೆ.

ಆಮೇಲೆ ಆಸ್ಪತ್ರೆಗೆ ಹೋಗಿ ಒಂದು ವಿಷಯ ನೋಡಿ. ನಿಮ್ಮನ್ನು ಸೇರಿಸಿದವರು ಗಾಬರಿಯಲ್ಲಿ "ಬೈಕಿಂದ ಬಿದ್ದರು" ಅಂತ ಮಾತ್ರ ಹೇಳಿ, ದಾಖಲೆಯಲ್ಲಿ ಹಾಗೇ ಬರೆದುಬಿಟ್ಟಿರಬಹುದು. ಕೇಸುಗಳು ಕುಂಟುವುದು ಹೆಚ್ಚಾಗಿ ಈ ಒಂದು ಸಾಲಿನಿಂದ. ಹಾಗೆ ಬರೆದಿದ್ದರೆ ತಿದ್ದಿಸೋಕೆ ಹೋಗಬೇಡಿ, ನಿಜವಾಗಿ ಏನಾಯಿತು ಅಂತ ಆಸ್ಪತ್ರೆಗೆ ಲಿಖಿತವಾಗಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ, ಪೊಲೀಸರ ಮುಂದೆ ಕೊಡುವ ಹೇಳಿಕೆಯಲ್ಲೂ ಅದನ್ನೇ ಹೇಳಿ. ಡಿಸ್ಚಾರ್ಜ್ ಸಮರಿ, ಎಕ್ಸ್‌ರೇ, ಪ್ರತಿ ಔಷಧಿ ಚೀಟಿ, ಫಿಸಿಯೋಥೆರಪಿ ರಸೀದಿ, ಆಟೋ ಬಾಡಿಗೆ ಕೂಡ ಒಂದು ಫೈಲಿಗೆ ಹಾಕಿಡಿ. ಪಗಾರದ ಚೀಟಿ ಇಲ್ಲದವರಿಗೆ ಬ್ಯಾಂಕ್ ಪಾಸ್‌ಬುಕ್, ಯುಪಿಐ ಜಮಾ, ಕೆಲಸ ಕೊಟ್ಟವರ ಹೇಳಿಕೆ ಇವೇ ಆಧಾರ.

ಪರಿಹಾರದ ಅರ್ಜಿ ಹಾಕಬೇಕಾದ್ದು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ. ಅಪಘಾತ ಆದ ಊರಿಗೇ ಅಲೆಯಬೇಕಿಲ್ಲ, ನೀವು ವಾಸ ಇರುವ ಕಡೆಯೇ ಹಾಕಬಹುದು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿಯ ಪ್ರಕಾರ ಅಪಘಾತದ ದಿನದಿಂದ 6 ತಿಂಗಳೊಳಗೆ ಹಾಕಬೇಕು. 2022ರ ಏಪ್ರಿಲ್ 1ರಿಂದ ಇದು ಜಾರಿಯಲ್ಲಿದೆ. ಈ ಗಡುವನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟ್ ಮುಂದೆ ಬಂದಿವೆ, ಆದರೆ ಅದನ್ನು ನಂಬಿಕೊಂಡು ಕೂರಬೇಡಿ.

ಪರಿಹಾರದಲ್ಲಿ ಇಷ್ಟು ಪಾಲು ನನಗೆ ಅಂತ ಯಾವುದಾದರೂ ವಕೀಲರು ಕೇಳಿದರೆ ಒಪ್ಪಬೇಡಿ, ಹಾಗೆ ಫೀಸು ನಿಗದಿ ಮಾಡೋದು ಬಾರ್ ಕೌನ್ಸಿಲ್ ನಿಯಮಕ್ಕೇ ವಿರುದ್ಧ. ಕಾನೂನು ಸೇವಾ ಪ್ರಾಧಿಕಾರದ 15100ಕ್ಕೆ ಫೋನ್ ಮಾಡಿದರೆ, ಆದಾಯ ಕಡಿಮೆ ಇರುವವರಿಗೆ ಉಚಿತ ವಕೀಲರು ಸಿಗುವ ದಾರಿ ತಿಳಿಸುತ್ತಾರೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಈ ನೆರವು ಉಂಟು.

ಇನ್ನು, ಕಾರಿನ ಮಾಲೀಕರು ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಅವರ ಕಾರಿಗೆ ವಿಮೆ ಇದ್ದರೆ ಈ ಹಣ ಕೊಡಬೇಕಾದ್ದು ವಿಮಾ ಕಂಪನಿ. ಅದನ್ನು ಅವರಿಗೂ ತಿಳಿಸಿ ಹೇಳಿ. ಎಷ್ಟೋ ಜನ ಹೆದರಿ ರಾಜಿಗೆ ಬರುತ್ತಾರೆ.

ಪ್ರಶ್ನೆ: ಒಂದೇ ಬೈಕಿನಲ್ಲಿ ಮೂವರು ಹೋಗುತ್ತಿದ್ದೆವು. ಹಿಂದಿನಿಂದ ಲಾರಿ ಗುದ್ದಿತು, ನನ್ನ ಕೈ ಮುರಿಯಿತು. ನಿಮ್ಮದೇ ತಪ್ಪು, ಏನೂ ಸಿಗಲ್ಲ ಅನ್ನುತ್ತಾರೆ. ನಿಜವೇ?

ಉತ್ತರ: ಮೂವರು ಹೋಗಿದ್ದು ತಪ್ಪು, ಅದಕ್ಕೆ ದಂಡ ಇದೆ. ಆದರೆ ಲಾರಿ ಗುದ್ದಿದ್ದು ಮೂವರು ಕೂತಿದ್ದರಿಂದಲಾ? ಸುಪ್ರೀಂ ಕೋರ್ಟ್ 2020ರಲ್ಲಿ ಇದೇ ಪ್ರಶ್ನೆ ಕೇಳಿತು. ಮೂವರು ಇದ್ದದ್ದೇ ಅಪಘಾತಕ್ಕೆ ಅಥವಾ ಗಾಯ ಹೆಚ್ಚಾಗೋದಕ್ಕೆ ಕಾರಣ ಅಂತ ಸಾಬೀತಾಗದೆ ಪರಿಹಾರ ಕಡಿತ ಮಾಡುವಂತಿಲ್ಲ ಅಂತ ತೀರ್ಪು ಕೊಟ್ಟಿತು. ಧೈರ್ಯವಾಗಿ ಅರ್ಜಿ ಹಾಕಿ. ಮೂವರು ಇರಲೇ ಇಲ್ಲ ಅಂತ ಸುಳ್ಳು ಮಾತ್ರ ಹೇಳಬೇಡಿ, ಒಂದು ಸುಳ್ಳು ಸಿಕ್ಕಿಬಿದ್ದರೆ ಉಳಿದ ನಿಜವನ್ನೂ ನಂಬೋದು ಕಷ್ಟ.

ಪ್ರಶ್ನೆ: ಅಮ್ಮನಿಗೆ ಆಟೋ ಗುದ್ದಿ ಸೊಂಟದ ಮೂಳೆಗೆ ಪೆಟ್ಟಾಗಿದೆ. ಅವರು ಗೃಹಿಣಿ. ಆದಾಯವೇ ಇಲ್ಲದವರಿಗೆ ಆದಾಯ ನಷ್ಟ ಹೇಗೆ ಕೇಳುವುದು ಅಂತ ನೆಂಟರೊಬ್ಬರು ಹೇಳಿದರು.

ಉತ್ತರ: ಈ ಮಾತು ಕೇಳಿದಾಗೆಲ್ಲ ಬೇಜಾರಾಗುತ್ತೆ. ಮನೆಗೆಲಸಕ್ಕೆ ಬೆಲೆ ಇಲ್ಲ ಅನ್ನೋ ವಾದವನ್ನು ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ತಳ್ಳಿಹಾಕಿದೆ, 2021ರ ಕೀರ್ತಿ ಪ್ರಕರಣದಲ್ಲಂತೂ ಬಹಳ ವಿವರವಾಗಿ. ಗೃಹಿಣಿಗೆ ಒಂದು ಅಂದಾಜು ಆದಾಯ ಹಿಡಿದೇ ಲೆಕ್ಕ ಹಾಕುತ್ತಾರೆ. ಅಮ್ಮ ಬೆಳಗ್ಗೆಯಿಂದ ರಾತ್ರಿಯವರೆಗೆ ಏನೇನು ಮಾಡುತ್ತಿದ್ದರು, ಈಗ ಯಾವುದು ಆಗುತ್ತಿಲ್ಲ ಅಂತ ಕೂತು ಬರೆದಿಡಿ. ಅವರ ಬದಲು ಕೆಲಸಕ್ಕೆ ಯಾರನ್ನಾದರೂ ಇಟ್ಟುಕೊಂಡಿದ್ದರೆ, ಕೊಟ್ಟ ಹಣಕ್ಕೆ ಚೀಟಿ ಬರೆಸಿಕೊಳ್ಳಿ.

ಪ್ರಶ್ನೆ: ಗುದ್ದಿದ ವಾಹನ ನಿಲ್ಲಿಸದೆ ಹೋಯಿತು, ನಂಬರ್ ಗೊತ್ತಿಲ್ಲ.

ಉತ್ತರ: ದೂರು ಕೊಡಲೇಬೇಕು. ವಾಹನ ಪತ್ತೆಯಾಗದಿದ್ದರೆ ಗಂಭೀರ ಗಾಯಕ್ಕೆ 50 ಸಾವಿರ, ಸಾವಾದರೆ ಕುಟುಂಬಕ್ಕೆ 2 ಲಕ್ಷ ಸರ್ಕಾರದ ಯೋಜನೆಯಡಿ ಸಿಗುತ್ತೆ. ತಹಶೀಲ್ದಾರ್ ಅಥವಾ ಉಪವಿಭಾಗಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ. ಮುಂದೆ ವಾಹನ ಸಿಕ್ಕಿ ಪೂರ್ತಿ ಪರಿಹಾರ ಬಂದರೆ ಈ ಮೊತ್ತವನ್ನು ಅದರಿಂದ ವಾಪಸ್ ಕೊಡಬೇಕಾಗುತ್ತೆ.

ಪ್ರಶ್ನೆ: ರಸ್ತೆಯಲ್ಲಿ ಬಿದ್ದವರನ್ನು ಆಸ್ಪತ್ರೆಗೆ ಸೇರಿಸಿದರೆ ನಾವೇ ಕೋರ್ಟಿಗೆ ಅಲೆಯಬೇಕಾ?

ಉತ್ತರ: ಬೇಡ. ಮೋಟಾರು ವಾಹನ ಕಾಯ್ದೆಯ 134ಎ ಕಲಂ ನಿಮಗೆ ರಕ್ಷಣೆ ಕೊಡುತ್ತೆ. ಹೆಸರು, ವಿಳಾಸ ಹೇಳಿ ಅಂತ ಪೊಲೀಸರೂ ಒತ್ತಾಯ ಮಾಡುವಂತಿಲ್ಲ, ಸಾಕ್ಷಿ ಆಗೋದು ನಿಮ್ಮ ಇಷ್ಟ. 112ಕ್ಕೆ ಫೋನ್ ಮಾಡಿ. 2025ರಿಂದ ಗಾಯಾಳುಗಳಿಗೆ ಅಪಘಾತದ ದಿನದಿಂದ 7 ದಿನಗಳವರೆಗೆ, ಒಂದೂವರೆ ಲಕ್ಷ ರೂಪಾಯಿವರೆಗೆ ನಗದುರಹಿತ ಚಿಕಿತ್ಸೆಯ ಯೋಜನೆ ಇದೆ. ಆದ್ದರಿಂದ ಯೋಜನೆಯ ಪಟ್ಟಿಯಲ್ಲಿರುವ ಆಸ್ಪತ್ರೆಗೇ ಕರೆದುಕೊಂಡು ಹೋಗೋಣ ಅಂತ ಆಂಬ್ಯುಲೆನ್ಸ್‌ನವರಿಗೆ ಹೇಳಿ.