ರಾಸ್ ಬಾರ್ನ್ಸ್‌ನನ್ನು ಮುಗಿಸಿದ್ದು ನಿಯಮವೊಂದೇ ಅಲ್ಲ

1876ರಲ್ಲಿ .429 ಸರಾಸರಿಯಿಂದ (ಸಾವಿರ ಅವಕಾಶಕ್ಕೆ 429 ಯಶಸ್ವಿ ಹೊಡೆತದ ಲೆಕ್ಕ) ಅಮೆರಿಕದ ಬೇಸ್‌ಬಾಲ್ ಕೂಟವಾದ ನ್ಯಾಷನಲ್ ಲೀಗ್‌ನ ಅಗ್ರ ಬ್ಯಾಟರ್ ಆಗಿದ್ದ ರಾಸ್ ಬಾರ್ನ್ಸ್, ಮರುವರ್ಷವೇ .272ಕ್ಕೆ ಕುಸಿದದ್ದು ನಿಯಮ ಬದಲಾದದ್ದರಿಂದಲೇ ಎಂಬ ಮಾತಿದೆ. ಅರ್ಧ ನಿಜ.

ಆಗಿನ ಬೇಸ್‌ಬಾಲ್‌ನಲ್ಲಿ ಚೆಂಡು ಮೊದಲ ಪುಟಿತಕ್ಕೆ ಗೆರೆಯ ಒಳಗೆ ಬಿದ್ದರೆ ಸಾಕು, ಆಮೇಲೆ ಎತ್ತ ಉರುಳಿದರೂ ಹೊಡೆತ ಸರಿ. ಬಾರ್ನ್ಸ್ ಚೆಂಡನ್ನು ತನ್ನ ಕಾಲ ಬುಡದಲ್ಲೇ ನೆಲಕ್ಕೆ ಕುಟ್ಟುತ್ತಿದ್ದ. ಅದು ಒಮ್ಮೆ ಒಳಗೆ ಪುಟಿದು, ಸರ್ರನೆ ಮೂರನೇ ಬೇಸ್‌ನ (ಓಡುವವನು ಮುಟ್ಟಬೇಕಾದ ನೆಲೆ) ಹೊರಗೆ ಹಾಯುತ್ತಿತ್ತು. ಫೀಲ್ಡರ್ ಅದರ ಬೆನ್ನಟ್ಟಿ ಓಡುವಷ್ಟರಲ್ಲಿ ಈತ ಬೇಸ್ ತಲುಪಿರುತ್ತಿದ್ದ. 1877ರಲ್ಲಿ ನಿಯಮ ಬದಲಾಗಿ ಆ ದಾರಿ ಮುಚ್ಚಿತು.

ಆದರೆ ಆ ವರ್ಷ ಆತ ಆಡಿದ್ದೇ 22 ಪಂದ್ಯ! ಚಳಿಜ್ವರ ಹಿಡಿದು ಮಲಗಿದ್ದ. ಆ ಅವಧಿಯ ಸಂಬಳವನ್ನು ಆತನ ಷಿಕಾಗೊ ತಂಡ ತಡೆಹಿಡಿಯಿತು, ಆತ ನ್ಯಾಯಾಲಯಕ್ಕೆ ಹೋದ, ಸೋತ. ಜ್ವರದಲ್ಲಿ ನರಳಿದವನ ಅಂಕಿಗಳನ್ನು ನಿಯಮದ ತಲೆಗೆ ಕಟ್ಟುವುದು ನನಗೆ ಒಪ್ಪಿಗೆಯಿಲ್ಲ. ಅಲ್ಲದೆ, ಆತನ ಆಟ ಆ ಒಂದು ಹೊಡೆತವಷ್ಟೇ ಅಲ್ಲ. ಹೆಚ್ಚಿನವರು ಬರಿಗೈಯಲ್ಲೇ ಚೆಂಡು ಹಿಡಿಯುತ್ತಿದ್ದ ಆ ಕಾಲದಲ್ಲಿ ಎರಡನೇ ಬೇಸ್ ಕಾಯುವುದರಲ್ಲೂ ಆತ ಎತ್ತಿದ ಕೈ. ಲೀಗ್‌ನ ಮೊಟ್ಟಮೊದಲ ಹೋಮ್ ರನ್ (ಒಂದೇ ಹೊಡೆತಕ್ಕೆ ಎಲ್ಲ ಬೇಸ್ ಸುತ್ತಿ ಬರುವುದು) ಹೊಡೆದವನೂ ಈತನೇ, 1876ರ ಮೇ 2ರಂದು, ಸಿನ್ಸಿನಾಟಿಯಲ್ಲಿ.

1879 ಮತ್ತು 1881ರಲ್ಲಿ ಮರಳಿ ಆಡಿದರೂ ಹಳೆಯ ಕಸುವು ಇರಲಿಲ್ಲ. ಒಟ್ಟು ಒಂಬತ್ತು ಋತು. ಬೇಸ್‌ಬಾಲ್ ದಿಗ್ಗಜರ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್‌ಗೆ ಕನಿಷ್ಠ ಹತ್ತು ಬೇಕು.