ಭಿನ್ನರಾಶಿ ಮಕ್ಕಳಿಗೆ ಯಾಕಿಷ್ಟು ಕಷ್ಟ? ಮನೆಯಲ್ಲಿ ಹೇಗೆ ಹೇಳಿಕೊಡುವುದು?

ಪ್ರಶ್ನೆ ಕೇಳಿದವರು ಬರೆದಿರುವುದು ಇಷ್ಟು: ಮಗಳು ಐದನೇ ತರಗತಿ, ಕನ್ನಡ ಮಾಧ್ಯಮ. 1/3ಕ್ಕಿಂತ 1/4 ದೊಡ್ಡದು ಅನ್ನುತ್ತಾಳೆ. 1/2ಕ್ಕೆ 1/3 ಕೂಡಿಸು ಅಂದರೆ 2/5 ಬರೆಯುತ್ತಾಳೆ. ರಾತ್ರಿ ಕೂರಿಸಿಕೊಂಡು ಹೇಳಿಕೊಟ್ಟರೆ ತಲೆಯಾಡಿಸುತ್ತಾಳೆ, ಬೆಳಿಗ್ಗೆ ಮತ್ತೆ ಅದೇ ರಾಗ. ಮಿಕ್ಕ ಲೆಕ್ಕವೆಲ್ಲ ಚೆನ್ನಾಗಿ ಮಾಡುವವಳಿಗೆ ಇದೊಂದು ಯಾಕೆ ಹೀಗೆ?

ಮಿಕ್ಕ ಲೆಕ್ಕ ಚೆನ್ನಾಗಿ ಮಾಡುತ್ತಾಳಲ್ಲ, ಅದಕ್ಕೇ ಹೀಗೆ. ಮೂರಕ್ಕಿಂತ ನಾಲ್ಕು ದೊಡ್ಡದು ಅಂತ ನಾವೇ ನಾಲ್ಕು ವರ್ಷ ಮಗ್ಗಿ ಬಾಯಿಪಾಠ ಮಾಡಿಸಿ ಅವಳ ತಲೆಗೆ ಇಳಿಸಿದ್ದೇವೆ. ಅದನ್ನು ಗಟ್ಟಿಯಾಗಿ ನಂಬಿದ ಮಗು 1/4 ನೋಡಿದಾಗ ಕೆಳಗಿರುವ 4ನ್ನು ನಂಬದೆ ಇನ್ನೇನು ಮಾಡುತ್ತದೆ?

ನಾನು ತುಮಕೂರು ಜಿಲ್ಲೆಯ ಒಂದು ಹಳ್ಳಿಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ 4ರಿಂದ 7ನೇ ತರಗತಿಗೆ ಗಣಿತ ಹೇಳುತ್ತೇನೆ, 19 ವರ್ಷವಾಯಿತು. ಮೊದಲ ಏಳೆಂಟು ವರ್ಷ ಭಿನ್ನರಾಶಿಯನ್ನು ಕೆಟ್ಟದಾಗಿಯೇ ಕಲಿಸಿದೆ. ಬೋರ್ಡಿನ ಮೇಲೆ ಒಂದು ವೃತ್ತ, ಅದರೊಳಗೆ ಗೆರೆ, ಒಂದು ತುಂಡಿಗೆ ಬಣ್ಣ, "ಮೇಲಿನದು ಅಂಶ, ಕೆಳಗಿನದು ಛೇದ, ಬರ್ಕೊಳ್ಳಿ". ಮಕ್ಕಳು ಬರೆದುಕೊಂಡರು. ಅಂಶ ಯಾವುದು, ಛೇದ ಯಾವುದು ಅಂತ ಕೇಳಿದರೆ ಇಡೀ ತರಗತಿ ಕೂಗಿ ಹೇಳುತ್ತಿತ್ತು. ನನಗೂ ಖುಷಿ.

ಒಂದು ದಿನ "ಹನ್ನೆರಡರಲ್ಲಿ ಕಾಲು ಭಾಗ ಎಷ್ಟು?" ಅಂದೆ. ಅಪ್ಪನ ಅಂಗಡಿಯಲ್ಲಿ ಸಂಜೆ ಕೂರುವ ಹುಡುಗ ಎದ್ದುನಿಂತು "ಇನ್ನೂರೈವತ್ತು ಮಿಸ್" ಅಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಮನೆಗೆ ಹೋಗುವಾಗ ಬಸ್ಸಿನಲ್ಲಿ ನಗು ಹೋಯಿತು. ಆ ಹುಡುಗ ಕಾಲು ಕೆಜಿ ಬೇಳೆ, ಕಾಲು ಲೀಟರ್ ಎಣ್ಣೆ ನನಗಿಂತ ಚುರುಕಾಗಿ ತೂಗಿ ಕೊಡುತ್ತಾನೆ. ಅವನಿಗೆ ಕಾಲು ಅನ್ನುವುದು ಒಂದು ಪೊಟ್ಟಣದ ಹೆಸರು. ಯಾವುದರ ಕಾಲು ಅನ್ನುವ ಪ್ರಶ್ನೆಯೇ ಅವನ ಜೀವನದಲ್ಲಿ ಬಂದಿಲ್ಲ, ಯಾಕೆಂದರೆ ಕೆಜಿ ಯಾವತ್ತೂ ಕೆಜಿಯೇ. ಚಿಕ್ಕ ರೊಟ್ಟಿಯ ಅರ್ಧ, ದೊಡ್ಡ ರೊಟ್ಟಿಯ ಕಾಲಿಗಿಂತ ಕಡಿಮೆಯಾಗಿರಬಹುದು ಅಂದರೆ ಅವನಿಗೆ ಅದು ಮೋಸ ಅನ್ನಿಸಿತು.

ಇನ್ನೊಂದು ವಿಷಯ ಆಮೇಲೆ ಹೊಳೆಯಿತು. ನಮ್ಮ ಊರುಗಳ ಅಳತೆಯೆಲ್ಲ ಅರ್ಧರ್ಧ ಮಾಡುತ್ತಾ ಹೋಗುವುದು. ಸೇರು, ಅಚ್ಚೇರು, ಪಾವು, ಅರೆಪಾವು, ಚಟಾಕು: ಒಂದು, ಅರ್ಧ, ಕಾಲು, ಅರೆಕಾಲು (1/8), ವೀಸ (1/16). ರೂಪಾಯಿಗೆ 16 ಆಣೆ ಇದ್ದದ್ದೂ ಅದೇ ಲೆಕ್ಕ. ಅಜ್ಜಿಯರ ಕಾಲದ ಕಾಲು ಮಗ್ಗಿ, ಅರೆ ಮಗ್ಗಿ, ಮುಕ್ಕಾಲು ಮಗ್ಗಿಯೂ ಅಷ್ಟೇ. ಮೂರರಲ್ಲಿ ಒಂದಕ್ಕೆ, ಐದರಲ್ಲಿ ಒಂದಕ್ಕೆ ಮನೆಮಾತಿನಲ್ಲಿ ಒಂದೇ ಪದದ ಹೆಸರೇ ಇಲ್ಲ. ಒಂದು ಎಕರೆಯನ್ನು ಮೂವರು ಅಣ್ಣತಮ್ಮಂದಿರು ಹಂಚಿಕೊಂಡರೆ ತಲಾ 13 ಗುಂಟೆ 5 ಆಣೆ (ಎಕರೆಗೆ 40 ಗುಂಟೆ, ಗುಂಟೆಗೆ 16 ಆಣೆ), ಆಮೇಲೂ ಚೂರು ಮಿಗುತ್ತದೆ. ಅದಕ್ಕೆ ಬದು ಜಗಳ ಬೇರೆ. ಇಂಥ ಮನೆಯಿಂದ ಬಂದ ಮಗುವಿಗೆ ನಾವು ನೇರವಾಗಿ 2/3, 3/5 ತೋರಿಸಿ "ಟೂ ಬೈ ತ್ರೀ", "ಎರಡು ಬೈ ಮೂರು" ಅನ್ನುತ್ತೇವೆ.

ಈ "ಬೈ" ಇದೆಯಲ್ಲ, ಅರ್ಧ ಅನಾಹುತ ಅದರದ್ದೇ. "ಎರಡು ಬೈ ಮೂರು" ಅಂದಾಗ ಕಿವಿಗೆ ಬೀಳುವುದು ಎರಡು ಬೇರೆ ಬೇರೆ ಸಂಖ್ಯೆ, ನಡುವೆ ಒಂದು ಗೆರೆ. ಅದು ಒಂದೇ ಸಂಖ್ಯೆ, 0 ಮತ್ತು 1ರ ನಡುವೆ ಅದಕ್ಕೊಂದು ಜಾಗ ಇದೆ ಅಂತ ಅನ್ನಿಸುವುದೇ ಇಲ್ಲ. ಪುಸ್ತಕದ ಕನ್ನಡದಲ್ಲಿ "ಮೂರನೇ ಎರಡು" ಅನ್ನುತ್ತೇವೆ. ಅದರ ಗೋಳು ಬೇರೆ: ಮಗುವಿಗೆ "ಮೂರನೇ" ಅಂದರೆ ಮೂರನೇ ತರಗತಿ, ಮೂರನೇ ಮನೆ. "ನಾಲ್ಕನೇ ಒಂದು ಅಂದ್ರೆ ಮೊದಲ ಮೂರು ಒಂದು ಎಲ್ಲಿ ಹೋಯ್ತು ಮಿಸ್?" ಅಂತ ಒಬ್ಬಳು ಕೇಳಿದ್ದಳು. ಸರಿಯಾದ ಪ್ರಶ್ನೆ.

"ನಾಲ್ಕರಲ್ಲಿ ಮೂರು ಪಾಲು" ಅನ್ನುವುದು ಇವೆರಡಕ್ಕಿಂತ ಎಷ್ಟೋ ಮೇಲು, ನಾನೂ ಬಹಳ ವರ್ಷ ಹಾಗೇ ಹೇಳಿದೆ. 5/4 ಬಂದ ದಿನ ಅದೂ ಕೈಕೊಟ್ಟಿತು. ನಾಲ್ಕರಲ್ಲಿ ಐದನ್ನು ಹೇಗೆ ತೆಗೆದುಕೊಳ್ಳುವುದು?

ಪರಿಹಾರ ನಮ್ಮ ಬಾಯಲ್ಲೇ ಇತ್ತು, ನೋಡಿ: ಮುಕ್ಕಾಲು. ಮೂರು ಕಾಲು. ಕಾಲು ಅನ್ನುವುದನ್ನು ಒಂದು ವಸ್ತುವಿನ ಹಾಗೆ ಎಣಿಸಿ, ಮೂರು ಇವೆ ಅನ್ನುವ ಮಾತು ಅದು. ಈಗ ನಾನು ಭಿನ್ನರಾಶಿಯ ಮೊದಲ ವಾರ ಗೆರೆ ಎಳೆದು ಅಂಕಿ ಬರೆಯುವುದೇ ಇಲ್ಲ, ಬರೀ ಎಣಿಕೆ. ಒಂದು ಕಾಲು, ಎರಡು ಕಾಲು, ಮೂರು ಕಾಲು, ನಾಲ್ಕು ಕಾಲು, ಐದು ಕಾಲು. (ನಾಲ್ಕು ಕಾಲು ಅಂದಾಗ ಯಾರಾದರೊಬ್ಬರು "ಎಮ್ಮೆ!" ಅನ್ನುತ್ತಾರೆ. ಅನ್ನಲಿ ಬಿಡಿ, ನಾಲ್ಕು ಕಾಲು ಸೇರಿದರೆ ಪೂರ್ತಿ ಒಂದು ಎಮ್ಮೆ ಅಂತ ನೆನಪಿರುತ್ತದೆ.) ಎರಡು ಕಾಲಿಗೆ ನಮ್ಮಲ್ಲಿ ಬೇರೆ ಹೆಸರಿದೆ ಅಂತ ಅವರೇ ಕಂಡುಕೊಳ್ಳುತ್ತಾರೆ, ಅರ್ಧ. ಐದು ಕಾಲು ಅಂದರೆ ಒಂದೂಕಾಲು ಅಂತಲೂ ಅವರೇ ಹೇಳುತ್ತಾರೆ. ಅಲ್ಲಿಗೆ ವಿಷಮ ಭಿನ್ನರಾಶಿ (5/4ರಂಥದ್ದು), ಮಿಶ್ರ ಭಿನ್ನರಾಶಿ (ಒಂದೂಕಾಲಿನಂಥದ್ದು) ಎರಡೂ ಹೆಸರಿಲ್ಲದೆ ಮುಗಿದವು. ಎರಡು ಕಾಲಿಗೆ ಒಂದು ಕಾಲು ಕೂಡಿಸಿದರೆ ಮೂರು ಕಾಲು. ಅಂಶ, ಛೇದ ಎರಡನ್ನೂ ಕೂಡಿ ಎಂಟನೇ ಮೂರು ಅಂತ ಹೇಳಿದ ಮಗುವನ್ನು ಈ ಎಣಿಕೆಯಲ್ಲಿ ನಾನು ಒಮ್ಮೆಯೂ ಕಂಡಿಲ್ಲ. ಗೆರೆ ಎಳೆದು 2/4 + 1/4 ಅಂತ ಬರೆದರೆ ಅದೇ ಮಗು 3/8 ಬರೆಯುತ್ತದೆ!

ಮೂರರ ಪಾಲಿಗೆ, ಐದರ ಪಾಲಿಗೆ ಹೆಸರಿಲ್ಲವಲ್ಲ, ನಮ್ಮ ತರಗತಿಯೇ ಇಟ್ಟುಕೊಂಡಿತು: ಮೂರ್ಪಾಲು, ಐದ್ಪಾಲು, ಆರ್ಪಾಲು. "ಎರಡು ಮೂರ್ಪಾಲು" ಅಂದರೆ 2/3. ಇದರಲ್ಲಿ ಒಂದು ತೊಡಕು ಉಂಟು, ಮೂರ್ಪಾಲು ಅಂದರೆ ಮೂರು ಪಾಲು ಅಂತ ಕೇಳಿಸಿಕೊಳ್ಳುವ ಒಂದಿಬ್ಬರು ಪ್ರತಿ ವರ್ಷ ಸಿಗುತ್ತಾರೆ. ನಿಮ್ಮ ಮಗಳು ಇನ್ನೂ ಒಳ್ಳೆಯ ಹೆಸರು ಇಟ್ಟರೆ ನನಗೂ ಹೇಳಿ.

ಈಗ 1/2 + 1/3 = 2/5ಕ್ಕೆ ಬರುತ್ತೇನೆ. ಇದನ್ನು ಬರೀ ದಡ್ಡತನ ಅಂತ ನಾನೂ ಅಂದುಕೊಂಡಿದ್ದೆ. ಆರನೇ ತರಗತಿಯ ಒಬ್ಬ ಹುಡುಗ ನನ್ನ ಅಂಕಪಟ್ಟಿಯನ್ನೇ ಎತ್ತಿ ತೋರಿಸುವವರೆಗೆ. ಮೊದಲ ಪರೀಕ್ಷೆ 15/20, ಎರಡನೆಯದು 20/25, ಒಟ್ಟು 35/45. "ನೀವೇ ಮೇಲಿನದು ಮೇಲಕ್ಕೆ, ಕೆಳಗಿನದು ಕೆಳಕ್ಕೆ ಕೂಡಿಸಿದ್ದೀರಲ್ಲ ಮಿಸ್, ನಾವು ಮಾಡಿದ್ರೆ ಯಾಕೆ ತಪ್ಪು?" ಆ ದಿನ ಗಂಟೆ ಹೊಡೆದದ್ದು ನನ್ನ ಪುಣ್ಯ.

ಅವನು ಹೇಳಿದ್ದು ಸರಿಯೇ. ಅಂಕಪಟ್ಟಿಯಲ್ಲಿ 15/20 ಅಂದರೆ "20ಕ್ಕೆ 15". ಅಲ್ಲಿ ಎರಡು ಪರೀಕ್ಷೆ ಸೇರಿದಾಗ ಒಟ್ಟು ಅಂಕವೂ ಬೆಳೆಯುತ್ತದೆ, 20 ಹೋಗಿ 45 ಆಗುತ್ತದೆ. ಅರ್ಧ ಹೋಳಿಗೆಗೆ ಮೂರ್ಪಾಲು ಹೋಳಿಗೆ ಸೇರಿಸಿದಾಗ ಹೋಳಿಗೆ ದೊಡ್ಡದಾಗುವುದಿಲ್ಲ, ಒಂದೇ ಅಳತೆಯ ಹೋಳಿಗೆಯ ಲೆಕ್ಕದಲ್ಲೇ ಉತ್ತರ ಬೇಕು. ಗೆರೆಯ ಮೇಲೊಂದು ಕೆಳಗೊಂದು ಬರೆಯುವ ಒಂದೇ ರೂಪಕ್ಕೆ ನಾವು ಎಷ್ಟೊಂದು ಕೆಲಸ ಹಚ್ಚಿದ್ದೇವೆ: ಒಂದರ ಪಾಲು, ಮೂರು ರೊಟ್ಟಿಯನ್ನು ನಾಲ್ಕು ಜನಕ್ಕೆ ಹಂಚುವುದು, ಗೆರೆಯ ಮೇಲಿನ ಒಂದು ಚುಕ್ಕೆ, ಇಷ್ಟಕ್ಕೆ ಇಷ್ಟು ಅನ್ನುವ ಅನುಪಾತ. ದೊಡ್ಡವರಾದ ನಾವು ಯೋಚಿಸದೆ ಒಂದರಿಂದ ಇನ್ನೊಂದಕ್ಕೆ ಜಿಗಿಯುತ್ತೇವೆ, ಮಗು ಹಿಂದೆ ಉಳಿಯುತ್ತದೆ. ಆಮೇಲಿನಿಂದ ನಾನು ಅಂಕಪಟ್ಟಿಯಲ್ಲಿ ಗೆರೆ ಹಾಕದೆ "20ಕ್ಕೆ 15" ಅಂತಲೇ ಬರೆಯುತ್ತಿದ್ದೇನೆ. ಕ್ರಿಕೆಟ್ಟಿನ 4.3 ಓವರ್ ಬಗ್ಗೆ ದಶಮಾಂಶದ ಪಾಠದಲ್ಲಿ ಬೇರೆ ಯುದ್ಧ ನಡೆಯುತ್ತದೆ, ಅದು ಇನ್ನೊಂದು ದಿನ.

ಮನೆಯಲ್ಲಿ ಏನು ಮಾಡಬಹುದು ಅಂದಿರಿ. ಮೊದಲು ವೃತ್ತ ಬಿಡಿ. ರೊಟ್ಟಿ, ಪಿಜ್ಜಾ ಅಂತ ಎಲ್ಲರೂ ವೃತ್ತ ಬರೆಯುತ್ತಾರೆ. ವೃತ್ತವನ್ನು ಮೂರು ಸಮಭಾಗ ಮಾಡುವುದು ದೊಡ್ಡವರಿಗೇ ಬರುವುದಿಲ್ಲ. ಮಕ್ಕಳು ಮೇಲಿಂದ ಕೆಳಕ್ಕೆ ಎರಡು ಗೆರೆ ಎಳೆದು "ಮೂರು ಭಾಗ" ಅನ್ನುತ್ತಾರೆ, ನಡುವಿನದು ದಪ್ಪ, ಬದಿಯವು ಸಣಕಲು. ಮಾತಿನಲ್ಲೂ ನಮಗೆ ಭಾಗ ಅಂದರೆ ಸಮ ಇರಲೇಬೇಕು ಅಂತಿಲ್ಲ, "ದೊಡ್ಡ ಅರ್ಧ ನಂಗೆ" ಅಂತ ಜಗಳವಾಡುವವರು ನಾವು. ಉದ್ದನೆಯ ಪಟ್ಟಿ, ಇಲ್ಲವೇ ಶಾಲೆಯಲ್ಲಿ ಹಿಂದೆ ಕೊಡುತ್ತಿದ್ದ ಶೇಂಗಾ ಚಿಕ್ಕಿಯಂಥ ಚೌಕದ ವಸ್ತು ಒಳ್ಳೆಯದು.

ಪಟ್ಟಿಯನ್ನು ಅರ್ಧ, ಕಾಲು ಮಡಿಸುವುದು ಸುಲಭ, ಮೂರಾಗಿ ಮಡಿಸುವುದು ಕಷ್ಟ. ಅದಕ್ಕೊಂದು ಉಪಾಯವಿದೆ. ಸುಮಾರು 15 ಸೆಂ.ಮೀ. ಉದ್ದದ ಕಾಗದದ ಪಟ್ಟಿ ಕತ್ತರಿಸಿ. ಗೆರೆ ಹಾಕಿದ ನೋಟ್‌ಬುಕ್ ತೆರೆದು ಪಟ್ಟಿಯನ್ನು ಓರೆಯಾಗಿ ಇಡಿ: ಅಂಚಿನ ಒಂದು ತುದಿ ಒಂದು ಗೆರೆಯ ಮೇಲೆ, ಇನ್ನೊಂದು ತುದಿ ಅಲ್ಲಿಂದ ಹನ್ನೆರಡನೇ ಗೆರೆಯ ಮೇಲೆ (ಮೊದಲ ಗೆರೆಯನ್ನು ಸೊನ್ನೆ ಅಂತ ಎಣಿಸಿ) ಕೂರುವ ಹಾಗೆ ಓರೆಯನ್ನು ಹೊಂದಿಸಿ. ಈಗ ಪಟ್ಟಿಯ ಅಂಚನ್ನು ಗೆರೆಗಳು ದಾಟುವ ಜಾಗದಲ್ಲೆಲ್ಲ ಚುಕ್ಕೆ ಇಟ್ಟರೆ 12 ಸಮಭಾಗ. ನಾಲ್ಕು ಗೆರೆಗೊಮ್ಮೆ ದಪ್ಪ ಗುರುತು ಹಾಕಿದರೆ ಮೂರ್ಪಾಲು, ಮೂರಕ್ಕೊಮ್ಮೆ ಹಾಕಿದರೆ ಕಾಲು, ಎರಡಕ್ಕೊಮ್ಮೆ ಆರ್ಪಾಲು. ಇಂಥ ನಾಲ್ಕೈದು ಪಟ್ಟಿ ಮಾಡಿ, ಒಂದೊಂದಕ್ಕೆ ಒಂದೊಂದು ಬಣ್ಣ. ಶಾಲೆಗೆ ಬರುವ ಗಣಿತದ ಕಿಟ್‌ನಲ್ಲೂ ಭಿನ್ನರಾಶಿ ಪಟ್ಟಿಗಳಿರುತ್ತವೆ, ಆದರೆ ನಾನು ಹಿಂದೆ ಇದ್ದ ಒಂದು ಶಾಲೆಯಲ್ಲಿ ಕಳೆದುಹೋದೀತು ಅಂತ ಅದನ್ನು ಬೀರುವಿಗೆ ಬೀಗ ಹಾಕಿ ಇಟ್ಟಿದ್ದರು. ಕೈಯಲ್ಲಿ ಮಾಡಿದ್ದೇ ವಾಸಿ.

ಲೆಕ್ಕ ಮಾಡುವ ಮೊದಲು ಒಂದು ಪ್ರಶ್ನೆ ಕೇಳಿ: ಉತ್ತರ ಅರ್ಧಕ್ಕಿಂತ ಜಾಸ್ತಿ ಬರಬೇಕೋ, ಕಮ್ಮಿಯೋ? ಅರ್ಧಕ್ಕೆ ಇನ್ನೇನೋ ಸೇರಿಸಿದ ಮೇಲೆ 2/5 ಬಂದರೆ, ಅದು ಅರ್ಧಕ್ಕಿಂತಲೂ ಚಿಕ್ಕದು, ಅವಳಿಗೇ ನಗು ಬರಬೇಕು. ಆಮೇಲೆ ಪಟ್ಟಿ ಇಡಿಸಿ. ಅರ್ಧ ಅಂದರೆ 6 ಭಾಗ, ಮೂರ್ಪಾಲು ಅಂದರೆ 4 ಭಾಗ, ಒಟ್ಟು 12ರಲ್ಲಿ 10. ಆರ್ಪಾಲಿನ ಪಟ್ಟಿ ಪಕ್ಕಕ್ಕಿಟ್ಟರೆ ಐದು ಆರ್ಪಾಲು, 5/6. ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ, ಎರಡೂ ಛೇದಗಳಿಂದ ಭಾಗವಾಗುವ ಅತಿ ಚಿಕ್ಕ ಸಂಖ್ಯೆ) ಅನ್ನುವುದು ಎಲ್ಲಿಂದ ಬಂತು ಅಂತ ಆಗ ಕಾಣುತ್ತದೆ. ಮಿಕ್ಕ ಜಾಗಕ್ಕೆ ಒಂದು ಆರ್ಪಾಲು ಸರಿಯಾಗಿ ಕೂರುತ್ತದೆ: 1/2 + 1/3 + 1/6 = 1. ಒಂದನ್ನು ಹೀಗೆ ಅಂಶ 1 ಇರುವ ಭಿನ್ನರಾಶಿಗಳಾಗಿ ಒಡೆಯುವ ಸೂತ್ರವನ್ನು 9ನೇ ಶತಮಾನದಲ್ಲೇ, ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ, ಗಣಿತಜ್ಞ ಮಹಾವೀರಾಚಾರ್ಯ ಕೊಟ್ಟಿದ್ದರು. ನನ್ನ ಮಕ್ಕಳಿಗೆ ಇದು ಒಗಟಿನ ಆಟ. ಮೂರು ಬಣ್ಣದಲ್ಲಿ ಒಂದು ಪಟ್ಟಿ ತುಂಬಿಸಿ, ಯಾವ ಬಣ್ಣವೂ ಎರಡು ಸಲ ಬರಬಾರದು.

ಹೋಲಿಕೆಯ ವಿಷಯದಲ್ಲಿ ಒಂದು ಎಚ್ಚರ. "ಹೋಳಿಗೆಯನ್ನು ಮೂರು ಜನ ಹಂಚ್ಕೊಂಡ್ರೆ ಜಾಸ್ತಿ ಸಿಗುತ್ತೋ, ನಾಲ್ಕು ಜನ ಹಂಚ್ಕೊಂಡ್ರೋ?" ಅಂದರೆ 1/3, 1/4ರ ಗೊಂದಲ ಹತ್ತು ನಿಮಿಷದಲ್ಲಿ ಹೋಗುತ್ತದೆ. ಮರುದಿನ ಹೊಸ ರೋಗ ಬರುತ್ತದೆ: "ಕೆಳಗಿನದು ದೊಡ್ಡದಿದ್ರೆ ಚಿಕ್ಕದು" ಅಂತ ನಿಯಮ ಮಾಡಿಕೊಂಡು 2/3ಕ್ಕಿಂತ 5/6 ಚಿಕ್ಕದು ಅನ್ನುತ್ತಾಳೆ. ಆಗ ಒಂದಾಗುವುದಕ್ಕೆ ಎಷ್ಟು ಬಾಕಿ ಅಂತ ಕೇಳಿ. ಒಂದಕ್ಕೆ ಮೂರ್ಪಾಲು ಬಾಕಿ, ಇನ್ನೊಂದಕ್ಕೆ ಬರೀ ಆರ್ಪಾಲು. ಕಮ್ಮಿ ಬಾಕಿ ಇರುವುದೇ ದೊಡ್ಡದು.

ಅಡ್ಡ ಗುಣಾಕಾರ (ಒಂದರ ಅಂಶವನ್ನು ಇನ್ನೊಂದರ ಛೇದದಿಂದ ಗುಣಿಸಿ ಹೋಲಿಸುವುದು) ಸದ್ಯ ಹೇಳಿಕೊಡಬೇಡಿ, ಟ್ಯೂಷನ್ನಿನವರು ಹೇಳಿಕೊಟ್ಟಿದ್ದರೆ ಒಂದೆರಡು ತಿಂಗಳು ಮರೆಸಿ. ಉತ್ತರ ಸರಿ ಬರುತ್ತದೆ, ಆದರೆ ಅದು ಎಷ್ಟು ದೊಡ್ಡದು ಅಂತ ನೋಡುವ ಅಭ್ಯಾಸವೇ ಹೋಗುತ್ತದೆ. ಏಳನೇ ತರಗತಿಯಲ್ಲಿ ಅಂಥ ಮಕ್ಕಳು ಕೂಡುವ ಲೆಕ್ಕಕ್ಕೂ ಅಡ್ಡ ಗುಣಿಸುತ್ತಾ ಕೂರುವುದನ್ನು ನೋಡಿದ್ದೇನೆ. ದಿನಕ್ಕೆ ಹತ್ತು ಹದಿನೈದು ನಿಮಿಷ ಸಾಕು. ಮೊದಲ ದಿನ ಮೂರು ಚಪಾತಿ, ನಾಲ್ಕು ತಟ್ಟೆ ಇಟ್ಟು ಸುಮ್ಮನೆ ಪಕ್ಕದಲ್ಲಿ ಕೂತಿರಿ. ಬಹಳ ಮಕ್ಕಳು ಎರಡು ಚಪಾತಿಯನ್ನು ಅರ್ಧರ್ಧ ಮಾಡಿ ಹಂಚುತ್ತಾರೆ, ಮೂರನೆಯದನ್ನು ನಾಲ್ಕು ತುಂಡು ಮಾಡುತ್ತಾರೆ. ತಟ್ಟೆಯಲ್ಲಿ ಒಂದು ಅರ್ಧ, ಒಂದು ಕಾಲು. "ಎಷ್ಟಾಯ್ತು?" ಅಂತ ನೀವು ಕೇಳಿ. "ಮುಕ್ಕಾಲು" ಅಂತ ಅವಳು ಹೇಳಿದ ಮೇಲೆ ಪೆನ್ಸಿಲ್ ಕೊಡಿ.