ಸಂಪಾದಕರ ಉತ್ತರ: ಮಣಲೇರ ಬೇಡಿದ್ದು ಒಂದು ನಾಯಿಯನ್ನು

ಓದುಗರ ಪತ್ರ: ನಮ್ಮ ಮಾವನವರು ನಿವೃತ್ತ ಮುಖ್ಯೋಪಾಧ್ಯಾಯರು. ವಿದೇಶದ ‘ನೈಟ್’ ಸಂಸ್ಥೆಯೆಂದು ಹೇಳಿಕೊಳ್ಳುವವರಿಂದ ಅವರಿಗೆ ಪತ್ರ ಬಂದಿದೆ. 75,000 ರೂಪಾಯಿ ಕಟ್ಟಿದರೆ ಬೆಂಗಳೂರಿನ ಹೋಟೆಲೊಂದರಲ್ಲಿ ನಿಲುವಂಗಿ ತೊಡಿಸಿ, ಹೆಗಲಿಗೆ ಕತ್ತಿ ತಾಗಿಸಿ ‘ಸರ್’ ಪದವಿ ಕೊಡುತ್ತಾರಂತೆ. ಮೈದುನನ ಮದುವೆಯ ಆಮಂತ್ರಣ ಪತ್ರಿಕೆಯಲ್ಲಿ ಅದನ್ನು ಹಾಕಿಸಬೇಕೆಂದು ಮಾವನವರಿಗೆ ಆಸೆ. ‘ಯಾರಿಗೇನು ನಷ್ಟ, ಹೋಗಲಿ ಬಿಡು’ ಎನ್ನುತ್ತಾರೆ ನನ್ನ ಗಂಡ. ಇದರಲ್ಲಿ ತಪ್ಪಿದೆಯೇ? ಇದ್ದರೆ ಸೊಸೆಯಾದ ನಾನು ಹೇಗೆ ಹೇಳಲಿ?

ತಪ್ಪಿದೆ, ಸೋದರಿ. ಆದರೆ ಅದು ನಿಮ್ಮ ಮಾವನವರದ್ದಲ್ಲ. ಜೀವನವಿಡೀ ದುಡಿದವರಿಗೆ ಇಳಿವಯಸ್ಸಿನಲ್ಲಿ ‘ನಿಮ್ಮನ್ನು ಗುರುತಿಸಿದ್ದೇವೆ’ ಎಂದು ಯಾರಾದರೂ ಬರೆದರೆ ಕಣ್ಣು ತುಂಬಿ ಬರುವುದು ಸಹಜ. ಆ ಕಣ್ಣೀರಿಗೆ ಬೆಲೆ ಕಟ್ಟಿದವರ ಮೇಲೆ ನನಗೆ ಸಿಟ್ಟು.

ನೀವು ಲಗತ್ತಿಸಿದ ನಕಲು ಪ್ರತಿಯ ಮೇಲೆ ಎಂಟು ಮೊನೆಗಳ ಬಿಳಿಯ ಶಿಲುಬೆ ಇದೆ. ಆ ಗುರುತು ಎಲ್ಲಿಂದ ಬಂತೆಂಬುದು ಮಾವನವರಿಗೆ ತಿಳಿಯಬೇಕು. ಹನ್ನೊಂದನೆಯ ಶತಮಾನದ ಜೆರುಸಲೇಮಿನಲ್ಲಿ ಯಾತ್ರಿಕರಿಗಾಗಿ ಒಂದು ಆಸ್ಪತ್ರೆ ಇತ್ತು. ಅದನ್ನು ನಡೆಸುತ್ತಿದ್ದವರ ಸಂಘಕ್ಕೆ 1113ರಲ್ಲಿ ಪೋಪ್ ಮನ್ನಣೆ ಕೊಟ್ಟರು. ಕತ್ತಿ, ಕೋಟೆಗಳೆಲ್ಲ ಬಂದದ್ದು ಆಮೇಲೆ. ರೋಗಿಗಳನ್ನು ‘ನಮ್ಮ ಒಡೆಯರು’ ಎಂದು ಕರೆದು ಸೇವೆ ಮಾಡುವುದು ಅವರ ವ್ರತವಾಗಿತ್ತು. ಮಾಲ್ಟಾದ ಹೆಸರು ಹೊತ್ತ ಆ ಸಂಘ ಇಂದಿಗೂ ಆಸ್ಪತ್ರೆ, ಆಂಬ್ಯುಲೆನ್ಸ್‌ಗಳನ್ನು ನಡೆಸುತ್ತಿದೆ. ಅದರ ಹೆಸರನ್ನೂ ಶಿಲುಬೆಯನ್ನೂ ಕದ್ದು ಪದವಿ ಮಾರುವವರು ಎಷ್ಟು ಹೆಚ್ಚಿದ್ದಾರೆಂದರೆ, ನಕಲಿ ಸಂಘಗಳ ಮೇಲೆ ಕಣ್ಣಿಡಲು ನಿಜವಾದ ಸಂಘಗಳು ಸೇರಿ ಒಂದು ಸಮಿತಿಯನ್ನೇ ಮಾಡಿಕೊಂಡಿವೆ.

ಈ ವ್ಯಾಪಾರ ಹೊಸದಲ್ಲ. ಮೊದಲ ಮಹಾಯುದ್ಧದ ನಂತರದ ಲಂಡನ್ನಿನಲ್ಲಿ ಮೌಂಡಿ ಗ್ರೆಗರಿ ಎಂಬ ದಲ್ಲಾಳಿ ಪದವಿಗಳಿಗೆ ದರ ನಿಗದಿ ಮಾಡಿದ್ದ. ‘ಸರ್’ ಆಗಲು ಸುಮಾರು 10,000 ಪೌಂಡ್. ಹಗರಣ ದೊಡ್ಡದಾಗಿ 1925ರಲ್ಲಿ ಬ್ರಿಟನ್ ಕಾನೂನನ್ನೇ ತಂದಿತು. ಅದಾದ ಮೇಲೂ ನೌಕಾಪಡೆಯ ಅಧಿಕಾರಿಯೊಬ್ಬರಿಗೆ ಪದವಿ ಮಾರಲು ಹೋಗಿ 1933ರಲ್ಲಿ ಆತ ಜೈಲು ಸೇರಿದ.

ನಮ್ಮ ಸಂವಿಧಾನದ 18ನೇ ವಿಧಿಯಂತೆ ಸೇನೆ ಮತ್ತು ವಿದ್ಯೆಗೆ ಸಂಬಂಧಿಸಿದವುಗಳ ಹೊರತು ಬೇರೆ ಬಿರುದನ್ನು ಸರ್ಕಾರ ಕೊಡುವಂತಿಲ್ಲ; ಪರದೇಶದ ಸರ್ಕಾರ ಕೊಟ್ಟರೆ ನಾಗರಿಕರು ಸ್ವೀಕರಿಸುವಂತಿಲ್ಲ. ಭಾರತರತ್ನ, ಪದ್ಮ ಪ್ರಶಸ್ತಿಗಳನ್ನು ಸಹ ಹೆಸರಿನ ಹಿಂದೆ ಮುಂದೆ ಬಿರುದಿನಂತೆ ಬಳಸಬಾರದೆಂದು ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿದೆ. ಈ ಪತ್ರ ಕಳುಹಿಸಿದವರು ಯಾವ ಸರ್ಕಾರವೂ ಅಲ್ಲ. ಕೊಡಲು ಅವರ ಬಳಿ ಏನೂ ಇಲ್ಲ. ನಮ್ಮಲ್ಲೇ ಪ್ರವೇಶ ಶುಲ್ಕ ಪಡೆದು ‘ರತ್ನ’, ‘ಭೂಷಣ’ಗಳನ್ನು ಹಂಚುವವರಿಗೂ ಈ ಮಾತು ಸಲ್ಲುತ್ತದೆ. ಶಾಲು ಹೊದಿಸಿಕೊಂಡವರ ಜೇಬಿನಿಂದಲೇ ಶಾಲಿನ ದುಡ್ಡು ಹೋಗಿರುತ್ತದೆ.

ಇನ್ನು ಗೌರವದ ಮಾತು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕ, ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದ ಒಂದು ಕಲ್ಲಿನ ಮುಂದೆ ನಾನು ಬಹಳ ಹೊತ್ತು ನಿಂತಿದ್ದೇನೆ. ಅದರ ಮೇಲಿನ ಶಾಸನ ಹೇಳುವ ತಕ್ಕೋಲದ ಯುದ್ಧ ನಡೆದದ್ದು 949ರಲ್ಲಿ. ಚೋಳ ರಾಜಾದಿತ್ಯನನ್ನು ಕೊಂದ ಗಂಗ ಬೂತುಗನಿಗೆ ರಾಷ್ಟ್ರಕೂಟ ಕೃಷ್ಣ ಬನವಾಸಿ, ಬೆಳ್ವೊಲದಂತಹ ನಾಡುಗಳನ್ನೇ ಕೊಟ್ಟ. ಅದೇ ಯುದ್ಧದಲ್ಲಿ ಕಾದಿದ ತನ್ನ ಬಂಟ ಮಣಲೇರನಿಗೆ ಬೂತುಗ ‘ಮೆಚ್ಚಿದೆ, ಬೇಡಿಕೋ’ ಎಂದ. ಮಣಲೇರ ಊರು ಕೇಳಲಿಲ್ಲ, ಬಿರುದು ಕೇಳಲಿಲ್ಲ. ಕಾಳಿ ಎಂಬ ಬೇಟೆನಾಯಿಯನ್ನು ಕೇಳಿ ಪಡೆದ. ಮುಂದೆ ಕಾಳಿ ದೊಡ್ಡ ಹಂದಿಯೊಂದರ ಮೇಲೆ ಬಿದ್ದು, ಎರಡೂ ಒಟ್ಟಿಗೆ ಸತ್ತವು. ಮಣಲೇರ ಚಲ್ಲೇಶ್ವರನ ಗುಡಿಯ ಮುಂದೆ ಕಲ್ಲು ನೆಡಿಸಿ ಭೂಮಿ ಬಿಟ್ಟ. ಆ ಕಲ್ಲಿಗೆ ಪೂಜೆ ಮಾಡದೆ ಉಣ್ಣುವ ಗೊರವನಿಗೆ, ಅಂದರೆ ಗುಡಿಯ ಶೈವ ಪೂಜಾರಿಗೆ, ನಾಯಿಯ ಪಾಪ ತಟ್ಟಲಿ ಎಂದು ಬರೆಸಿದ. ಕಲ್ಲಿನ ಮೇಲೆ ನಾಯಿ ಹಂದಿಯನ್ನು ಕಚ್ಚಿ ಹಿಡಿದಿದೆ.

ಸಾವಿರ ವರ್ಷ ಕಳೆದರೂ ಆ ಕಲ್ಲಿನ ಮೇಲೆ ನನಗೆ ಸಂಶಯ ಬರುವುದಿಲ್ಲ. ಕಾಳಿಯನ್ನು ಬಲ್ಲವನೇ ಅದನ್ನು ನೆಡಿಸಿದ್ದ. ಗೌರವ ಎಂದರೆ ಕಂಡವರು ಹೇಳುವ ಸಾಕ್ಷಿ. ‘ಸರ್’ ಪದವಿಯ ಪತ್ರ ಬರೆದವರು ಮಾವನವರನ್ನು ಕಂಡೇ ಇಲ್ಲ. ರವೀಂದ್ರನಾಥ ಠಾಕೂರರು ಜಲಿಯನ್‌ವಾಲಾಬಾಗ್ ಹತ್ಯಾಕಾಂಡದ ನಂತರ ‘ಸರ್’ ಪದವಿಯನ್ನು ತ್ಯಜಿಸಿದರು, ನಮ್ಮ ಕಾರಂತರು ತುರ್ತು ಪರಿಸ್ಥಿತಿಯನ್ನು ವಿರೋಧಿಸಿ ಪದ್ಮಭೂಷಣವನ್ನು ಹಿಂತಿರುಗಿಸಿದರು. ಅದರಿಂದ ಅವರು ಕುಗ್ಗಲಿಲ್ಲ.

ನಿಮ್ಮ ಗಂಡನವರ ಪ್ರಶ್ನೆಗೆ ಉತ್ತರ ನಿಮ್ಮ ಪತ್ರದ ಕೊನೆಯಲ್ಲೇ ಇದೆ. ಪರೀಕ್ಷೆಯ ಶುಲ್ಕ ಕಟ್ಟಲಾಗದ ಮೂವರು ಹುಡುಗರಿಗೆ ಮಾವನವರು ತಮ್ಮ ಸಂಬಳದಲ್ಲಿ ಕಟ್ಟಿದ್ದರು, ಅವರು ಈಗಲೂ ದೀಪಾವಳಿಗೆ ಬಾಳೆಗೊನೆ ಹಿಡಿದು ಬರುತ್ತಾರೆ ಎಂದಿದ್ದೀರಿ. ಆ ಮೂವರು ಮದುವೆಗೆ ಬಂದು, ತಮ್ಮ ಮೇಷ್ಟರ ಹೆಸರಿನ ಹಿಂದೆ ಕೊಂಡ ಪದವಿಯನ್ನು ಓದಬೇಕೇ? ನಷ್ಟ ಅಲ್ಲಿದೆ.

ಮಾವನವರೊಂದಿಗೆ ವಾದಕ್ಕೆ ಇಳಿಯಬೇಡಿ. ಸಂಜೆಯ ಕಾಫಿ ಕೊಡುವಾಗ ಆತಕೂರಿನ ಕಥೆ ಹೇಳಿ; ಮೇಷ್ಟರಾಗಿದ್ದವರು, ಉಳಿದದ್ದನ್ನು ಅವರೇ ಹೇಳಿಯಾರು. ಆಮಂತ್ರಣ ಪತ್ರಿಕೆ ಇನ್ನೂ ಅಚ್ಚಿಗೆ ಹೋಗಿಲ್ಲವಲ್ಲ, ಹೆಸರಿನ ಕೆಳಗೆ ‘ನಿವೃತ್ತ ಮುಖ್ಯೋಪಾಧ್ಯಾಯರು’ ಎಂದೂ ಶಾಲೆಯ ಹೆಸರನ್ನೂ ಸೇರಿಸಿ. ಮೊದಲ ಮೂರು ಪ್ರತಿಗಳನ್ನು ಆ ಹುಡುಗರಿಗೆ ಅವರ ಕೈಯಿಂದಲೇ ಕೊಡಿಸಿ.